ಹಿಂದಿನ ಸೀಟಿನಲ್ಲಿ ಅಪ್ಪ

ಕಳೆದ ಭಾನುವಾರ ನನ್ನ ಬೈಕಿನ ಹಾರನ್ ನಾನು ಒತ್ತದೆಯೇ ಹೊಡೆದುಕೊಂಡಿತು.

ವೈರ್ ಶಾರ್ಟ್ ಆಗಿರಲಿಲ್ಲ. ಒಳಗೆ ಮಳೆ ನೀರು ಹೋಗಿರಲಿಲ್ಲ. ಹಿಂದೆ ಕೂತಿದ್ದ ನಮ್ಮಪ್ಪ ನನ್ನ ಎಡ ತೋಳಿನ ಕೆಳಗಿಂದ ಕೈ ತೂರಿಸಿ, ಹ್ಯಾಂಡಲ್ ತನಕ ಬಗ್ಗಿ, ಹೆಬ್ಬೆರಳಲ್ಲಿ ಬಟನ್ ಒತ್ತಿದ್ದ. ಗಾಡಿ ಐವತ್ತರ ಮೇಲಿತ್ತು. ಹಿಡಿದ ಮಳೆ ಬಿಟ್ಟಿರಲಿಲ್ಲ. ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ಬಿದ್ದಿದ್ದೆವು.

"ಏನಪ್ಪಾ ಇದು!" ಅಂತ ಕಿರುಚಿದೆ.

"ಸೈಕಲ್ಲು ಬತ್ತಾ ಅದೆ ಕಣವ್ವಾ. ಎಡಗಡೆ."

ಎಲ್ಲಿದೆ ಸೈಕಲ್? ಹತ್ತಿರ ಹೋದೆವು. ಸೈಕಲ್ ಅಲ್ಲ. ರಸ್ತೆ ಬದಿಯ ಯಾವುದೋ ಬೋರ್ಡು, ಒಂದು ಕಾಲು ಮುರಿದು ಓರೆಯಾಗಿ ನಿಂತಿತ್ತು.

ಈಗ ಹೇಳಿ. ಬೋರ್ಡಿಗೆ ಹಾರನ್ ಹೊಡೆಯುವವರನ್ನು ಹಿಂದೆ ಕೂರಿಸಿಕೊಂಡು, ಮಳೆಯಲ್ಲಿ, ಇನ್ನೂರು ಕೆಜಿಗೆ ಮೇಲಿನ ಗಾಡಿ ಓಡಿಸಿದ್ದೀರಾ ನೀವು?

ಈ ಅಂಕಣ ಓದುವ ನಿಮಗೆ ನನ್ನ ಬೈಕಿನ ವಿಷಯ ಹೊಸದಲ್ಲ. (ಬೈಕ್ ಬಿಟ್ಟು ಬೇರೇನಾದರೂ ಬರೆಯಿರಿ ಮೇಡಂ ಅಂತ ಇಬ್ಬರು ಓದುಗರು ಕಾಗದ ಬರೆದಿದ್ದಾರೆ. ಈ ವಾರವೂ ಕ್ಷಮಿಸಬೇಕು.) ಟೂರಿಂಗ್ ಬೈಕ್. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಕಡೆ ಪೆಟ್ಟಿಗೆ, ಸೋಫಾದಂಥ ಸೀಟು. ಅದರಲ್ಲಿ ಒಬ್ಬಳೇ ಕನ್ಯಾಕುಮಾರಿ ತನಕ ಹೋಗಿ ಬಂದಿದ್ದೇನೆ. ‘ಒಬ್ಬಳೇ’ ಅನ್ನುವುದನ್ನು ಗುರುತು ಹಾಕಿಕೊಳ್ಳಿ. ಹಿಂದೆ ಜನ ಕೂರಿಸಿಕೊಂಡು ನಾನು ಹೋದದ್ದು ಮಂಡ್ಯದ ಮಾರ್ಕೆಟ್ಟಿಗೆ, ಅದೂ ಬಿಸಿಲಲ್ಲಿ.

ಇನ್ನು ಅಪ್ಪ. ಡ್ರೈವರ್ ಪುಟ್ಟಸ್ವಾಮಿ ಅಂದರೆ ಮಳವಳ್ಳಿ ಕಡೆ ಹಳಬರಿಗೆ ಈಗಲೂ ಗೊತ್ತು. ಮೂವತ್ತೊಂದು ವರ್ಷ ಬಸ್ ಓಡಿಸಿದವನು. ಮಂಡ್ಯ, ಮದ್ದೂರು, ಮಳವಳ್ಳಿ, ಕೊಳ್ಳೇಗಾಲ. ಮತ್ತೆ ವಾಪಸ್. ರಿಟೈರ್ ಆಗಿ ಹತ್ತು ವರ್ಷ ಕಳೆಯಿತು. ಕಳೆದ ವರ್ಷ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ದೂರದ್ದು ಮಸುಕು, ಓದಲು ಭೂತಗನ್ನಡಿ. ಡಾಕ್ಟರ್ ಡ್ರೈವಿಂಗ್ ಬೇಡ ಅಂದರು. ಅಪ್ಪ ಅಲ್ಲೇ ತಲೆಯಾಡಿಸಿ, ಮನೆಗೆ ಬಂದು, ಕಾರಿನ ಕೀಲಿಯನ್ನು ನನ್ನ ಗಂಡನ ಕೈಗೆ ಕೊಟ್ಟ. ಆವತ್ತಿನಿಂದ ಅವನು ಯಾವ ಗಾಡಿಯಲ್ಲಿ ಕೂತರೂ ಕೂತಲ್ಲೇ ಓಡಿಸುತ್ತಾನೆ. ಆಟೋದಲ್ಲಿ ಬಲಗಾಲು ಒತ್ತುತ್ತಾನೆ. ಕಾರಲ್ಲಿ "ಗೇರ್ ಇಳ್ಸು" ಅನ್ನುತ್ತಾನೆ. ಬಸ್ಸಲ್ಲಂತೂ ಸೀಟು ಖಾಲಿ ಇದ್ದರೂ ಡ್ರೈವರ್ ಪಕ್ಕ ಹೋಗಿ ಕಂಬಿ ಹಿಡಿದು ನಿಲ್ಲುತ್ತಾನೆ.

ಭಾನುವಾರ ಪೂರಿಗಾಲಿಯಲ್ಲಿ ನಮ್ಮತ್ತೆಯ ಮಗಳು ನಂದಿನಿಯ ನಿಶ್ಚಿತಾರ್ಥ. ಅತ್ತೆ ಅಂದರೆ ಅಪ್ಪನ ಒಬ್ಬಳೇ ತಂಗಿ. ನಮ್ಮಲ್ಲಿ ರಾಹುಕಾಲ, ಗುಳಿಕಕಾಲದ ರಗಳೆ ಇಲ್ಲ. ಬುದ್ಧನ ಫೋಟೊ ಮುಂದೆ ದೀಪ ಹಚ್ಚಿ ಎಲೆ ಅಡಿಕೆ ಬದಲಾಯಿಸಿದರೆ ಮುಗಿಯಿತು. ಆದರೆ ಆ ತಟ್ಟೆ ಹಿಡಿಯಬೇಕಾದದ್ದು ಸೋದರಮಾವ. ಅವನಿಲ್ಲದೆ ತಟ್ಟೆ ಕೈ ಬದಲಾಗುವುದಿಲ್ಲ. ಗಂಡಿನ ಕಡೆಯವರು ಹನ್ನೆರಡೂವರೆಗೆ ಅಂತ ಹೇಳಿದ್ದರು.

ಅವ್ವ ಎರಡು ದಿನ ಮುಂಚೆಯೇ ಅಡುಗೆ ಕೆಲಸಕ್ಕೆ ಅಂತ ಹೋಗಿದ್ದಳು. ಗಂಡ ಕಾರು ತೆಗೆದುಕೊಂಡು ಆಫೀಸ್ ಕೆಲಸದ ಮೇಲೆ ಹಾಸನದಲ್ಲಿದ್ದ. ಹಾಗಾಗಿ ಪ್ಲಾನ್ ಸರಳ. ಅಪ್ಪ ಬಸ್ಸು, ನಾನು ಬೈಕು. ಅವ್ವ ಫೋನಲ್ಲಿ ಒಂದಕ್ಕೆರಡು ಸಲ ಹೇಳಿದ್ದಳು: "ನಿಮ್ಮಪ್ಪನ್ನ ಆ ಗಾಡೀಲಿ ಕೂರುಸ್ಕಬ್ಯಾಡ ಕಣವ್ವಾ. ಅವ್ರೂ ಸುಮ್ಕಿರಾಕಿಲ್ಲ, ನೀನೂ ಸುಮ್ಕಿರಾಕಿಲ್ಲ."

ಬೆಳಗ್ಗೆಯಿಂದ ಮಳೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಂತೆ. (ಕುಸಿದದ್ದು ಅಲ್ಲಿ, ನೆನೆದದ್ದು ಮಂಡ್ಯ.) ಒಂಬತ್ತೂವರೆಗೆ ಅಪ್ಪನನ್ನು ಬಸ್ ಹತ್ತಿಸಿ ಮನೆಗೆ ಬಂದು ರೈನ್ ಕೋಟ್ ಹಾಕುತ್ತಿದ್ದೆ. ಫೋನ್.

"ಮಗಾ, ಬಸ್ಸು ಇಳ್ದ್‌ಬುಟ್ಟೆ."

"ಎಲ್ಲಿ?"

"ಅನಕೆರೇಲಿ."

ಹನಕೆರೆ ಅಂದರೆ ಮಂಡ್ಯ ಬಿಟ್ಟು ಎರಡು ಹೆಜ್ಜೆ. ಬಸ್ ಕೆಟ್ಟಿತಾ? ಇಲ್ಲ. ಹುಷಾರಿಲ್ಲವಾ? ಅದೂ ಇಲ್ಲ. ಮತ್ತೆ? ಫೋನಲ್ಲಿ ಹೇಳಲಿಲ್ಲ. ನಾನು ಹೋಗಿ ನಿಂತಾಗ ಕೈಚೀಲ ಎದೆಗೆ ಅವಚಿಕೊಂಡು, ಮುಚ್ಚಿದ ಅಂಗಡಿಯೊಂದರ ಶೀಟಿನ ಕೆಳಗೆ ನಿಂತಿದ್ದ. ಚೀಲದಲ್ಲಿ ನಂದಿನಿಗೆ ಕೊಡುವ ಸೀರೆ.

ಆದದ್ದಿಷ್ಟು. ಡ್ರೈವರ್ ಸಣ್ಣ ವಯಸ್ಸಿನವನು. ಅಪ್ಪ ಪಕ್ಕ ನಿಂತು ಅಭ್ಯಾಸಬಲದಲ್ಲಿ ಒಂದೆರಡು ಮಾತು ಹೇಳಿದ್ದಾನೆ. ವೈಪರ್ ಜೋರಾಗಿ ಬಿಡು, ಆ ಲಾರಿ ಹಿಂದೆ ಅಷ್ಟು ಹತ್ತಿರ ಹೋಗಬೇಡ, ಇತ್ಯಾದಿ. ಹುಡುಗ ನಾಲ್ಕನೇ ಮಾತಿಗೆ ಬಸ್ ನಿಲ್ಲಿಸಿ, "ಯಜಮಾನ್ರೇ, ಒಂದೋ ನೀವು ಓಡ್ಸಿ, ಇಲ್ಲಾ ಹಿಂದೋಗಿ ಕೂತ್ಕೊಳಿ" ಅಂದಿದ್ದಾನೆ. ಬಸ್ಸಲ್ಲಿದ್ದವರು ನಕ್ಕಿದ್ದಾರೆ.

ಅಪ್ಪ ಮೂರನೆಯದನ್ನು ಮಾಡಿದ. ಇಳಿದ.

"ನಕ್ಕರೆ ನಕ್ಕೊಳ್ಳಲಿ ಅಂತ ಕೂತಿರಬೇಕಿತ್ತು" ಅಂದೆ.

"ಬುಡು. ಗಾಡಿ ತೆಗಿ."

ನನ್ನ ಗಂಡನ ಹೆಲ್ಮೆಟ್ ಹೇಗೂ ತಂದಿದ್ದೆ. ಅಪ್ಪನ ತಲೆಗೆ ಅದು ಸಡಿಲ. ಬಿಳಿ ಪಂಚೆಯನ್ನು ಮೊಣಕಾಲ ತನಕ ಮಡಚಿ ಮೇಲೆ ಮಳೆಯ ಪ್ಯಾಂಟು ಹಾಕಿಸಿದೆ. ಸೀರೆ ಪೆಟ್ಟಿಗೆಯೊಳಗೆ ಹೋಯಿತು. ಅಪ್ಪ ಸೀಟಿಗೆ ಹತ್ತಿದ್ದನ್ನು ನೋಡಿ ಎದುರಿನ ಮನೆಯ ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡಳು.

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇಂಥ ಗಾಡಿಗಳಲ್ಲಿ ಹಿಂದೆ ಜನ ಕೂತಾಗ ಮಾಡಬೇಕಾದ ಎರಡು ಕೆಲಸಗಳಿವೆ. ಹಿಂದಿನ ಚಕ್ರದ ಹತ್ತಿರ ಒಂದು ತಿರುಪು ಇರುತ್ತದೆ. ತಿರುಗಿಸಿ ಸ್ಪ್ರಿಂಗ್ ಗಟ್ಟಿ ಮಾಡಬೇಕು. ಟೈರಿಗೆ ಗಾಳಿ ಸ್ವಲ್ಪ ಹೆಚ್ಚು ಹಾಕಿಸಬೇಕು. ಇಲ್ಲದಿದ್ದರೆ ಗಾಡಿಯ ಹಿಂಭಾಗ ಕುಸಿದು ಮುಂಭಾಗ ಹಗುರ ಆಗುತ್ತದೆ. ಒದ್ದೆ ರಸ್ತೆಯಲ್ಲಿ ಅದು ಒಳ್ಳೆಯದಲ್ಲ. ನನಗಿದು ಗೊತ್ತಿತ್ತು. ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ ಕೂಡ. ಆದರೆ ಮಳೆ, ಗಡಿಯಾರ, ಅಪ್ಪನ ಸಿಡುಕು. ಇಷ್ಟು ದೂರಕ್ಕೆ ಏನಾಗುತ್ತದೆ ಬಿಡು ಅಂದುಕೊಂಡೆ.

ದೊಡ್ಡ ಹೈವೇಯಲ್ಲಿ ನಮ್ಮ ಎರಡು ಚಕ್ರದವರಿಗೆ ಪ್ರವೇಶ ಇಲ್ಲವಲ್ಲ. ಸರ್ವಿಸ್ ರಸ್ತೆಯೇ ಗತಿ. ಅದರ ಹಳ್ಳಗಳೆಲ್ಲ ತುಂಬಿ, ರಸ್ತೆ ಎಲ್ಲಿ, ಗುಂಡಿ ಎಲ್ಲಿ ಅನ್ನುವುದೇ ತಿಳಿಯುತ್ತಿರಲಿಲ್ಲ. ನಾನು ಬ್ರೇಕ್ ಒತ್ತಿದಾಗಲೆಲ್ಲ ಅಪ್ಪನ ಹೆಲ್ಮೆಟ್ ಬಂದು ನನ್ನ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು. ಟಕ್. ತಿರುವಿನಲ್ಲಿ ನಾನು ಎಡಕ್ಕೆ ವಾಲಿದರೆ ಅವನು ಬಲಕ್ಕೆ. ಬಸ್ ಡ್ರೈವರು ಯಾವತ್ತು ವಾಲಿದ್ದಾನೆ? ಸ್ಟೇರಿಂಗ್ ತಿರುಗಿಸುತ್ತಾನೆ, ಅಷ್ಟೆ. ಬಸ್ಸೇ ವಾಲಿದರೆ ಅದು ಪೇಪರಲ್ಲಿ ಬರುತ್ತದೆ.

"ಅಪ್ಪಾ, ನನ್ನ ಜೊತೆ ವಾಲು."

"ಯಾಕೆ? ಬೀಳಾಕಾ?"

ಮಾತು ನಿಲ್ಲಲಿಲ್ಲ. ಎಡಕ್ಕೆ ತಗೊ. ಅವನಿಗೆ ಸೈಡ್ ಕೊಡು. ಕ್ಲಚ್ ಮೇಲೆ ಕೈ ಯಾಕೆ? ಮದ್ದೂರಿನ ಹತ್ತಿರ ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ನಾನು ನುಗ್ಗಲು ಹೊರಟೆ. ಅಪ್ಪ ಭುಜ ಹಿಡಿದು ಜಗ್ಗಿದ. "ತಡಿ. ಆ ಟೆಂಪೋ ಓಗ್ಲಿ. ಅದರ ಚಕ್ರ ಎಷ್ಟು ಮುಳುಗ್ತದೆ ನೋಡು. ಅದು ಓದ ಜಾಡಲ್ಲೇ ಓಗು." ಟೆಂಪೋ ಹೋಯಿತು. ಬಲಗಡೆ ಅರ್ಧ ಚಕ್ರ ಮುಳುಗಿತು. ನಾನು ನುಗ್ಗಲಿದ್ದದ್ದು ಆ ಬಲಗಡೆಗೇ. ಎಡಗಡೆಯಿಂದ ಸಲೀಸಾಗಿ ದಾಟಿದೆವು.

ಥ್ಯಾಂಕ್ಸ್ ಹೇಳಿದೆನಾ? ಇಲ್ಲ. ಸರಿಯಾದ್ದನ್ನು ಹೇಳುವವರ ಮೇಲೆ ಬರುವ ಸಿಟ್ಟು ತಪ್ಪು ಹೇಳುವವರ ಮೇಲೆ ಬರುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೇನಾ?

ಅದಾದ ಮೇಲೆ ಮಳವಳ್ಳಿ ರಸ್ತೆ. ಅದಾದ ಮೇಲೆ ಆ ಹಾರನ್.

ಮುಂದೆ ಸಿಕ್ಕ ಬಸ್ ಸ್ಟಾಪಿನ ಸೂರಿನ ಕೆಳಗೆ ಗಾಡಿ ನಿಲ್ಲಿಸಿದೆ. ಹೆಲ್ಮೆಟ್ ತೆಗೆದೆ. ನನ್ನ ತೋಳಿನ ಕೆಳಗಿಂದ ಹ್ಯಾಂಡಲ್ಲಿಗೇ ಕೈ ಹಾಕಿದ್ದಾನೆ ಮಾರಾಯರೆ! ಗಾಡಿ ಒಂದು ಚೂರು ಅತ್ತಿತ್ತ ಆಗಿದ್ದರೆ ಇಬ್ಬರೂ ರಸ್ತೆಯ ಮೇಲೆ.

"ಬೋರ್ಡಿಗೆ ಹಾರನ್ ಹೊಡೀತೀಯಲ್ಲಪ್ಪ!"

"ಸೈಕಲ್ಲು ಅನ್ಕಂಡೆ."

"ಅನ್ಕೊಂಡ್ರೆ ಹೇಳು. ಹ್ಯಾಂಡಲ್ಲಿಗೆ ಕೈ ಹಾಕ್ತೀಯಾ?"

"ಯೋಳೋವಷ್ಟರಲ್ಲಿ..."

ಅವನು ವಾಕ್ಯ ಮುಗಿಸಲು ನಾನು ಬಿಡಲಿಲ್ಲ. ಬಾಯಿಗೆ ಬಂದದ್ದನ್ನು ಅಂದೆ. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಈ ವಾರವೆಲ್ಲ ಒದ್ದಾಡಿದ್ದೇನೆ. ಬರೆಯದಿದ್ದರೆ ಉಳಿದದ್ದು ಬರೆದೂ ಪ್ರಯೋಜನ ಇಲ್ಲ.

"ಕಣ್ಣು ಕಾಣದವರು ದಾರಿ ಹೇಳಬಾರದು. ಸುಮ್ನೆ ಕೂತ್ಕೊ."

ಅಪ್ಪ ನನ್ನ ಮುಖ ನೋಡಿದ. ಹೆಲ್ಮೆಟ್ಟಿನ ಅಂಚಿನಿಂದ ನೀರು ತೊಟ್ಟಿಕ್ಕಿ ಅವನ ಮೂಗಿನ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಸರಿ" ಅಂದ. ಅಷ್ಟೆ.

ಮತ್ತೆ ಹೊರಟೆವು. ಅಪ್ಪ ಎರಡೂ ಕೈಯನ್ನು ಹಿಂದಿನ ಕಂಬಿಗೆ ಹಿಡಿದುಕೊಂಡ. ಮಾತಿಲ್ಲ. ಹೆಲ್ಮೆಟ್ ಬಡಿಯುವುದೂ ನಿಂತಿತು, ಅಷ್ಟು ಬಿಗಿಯಾಗಿ ಕೂತಿದ್ದ. ತಿರುವಿನಲ್ಲಿ ನಾನು ವಾಲಿದರೆ ಅವನೂ ವಾಲಿದ. ಹನಕೆರೆಯಿಂದ ನಾನು ಬೇಡಿಕೊಂಡದ್ದು ಇದನ್ನೇ ಅಲ್ಲವಾ?

ಸುಳ್ಳು ಯಾಕೆ ಹೇಳಲಿ, ಹಾಯೆನಿಸಿತು. ಎಂಜಿನ್ನಿನ ಸದ್ದು ಮಾತ್ರ. ಗಾಜಿನ ಮೇಲೆ ಮಳೆಯ ಸದ್ದು ಮಾತ್ರ. ಎರಡೂ ಕಡೆ ಕಬ್ಬು. ಕೆ.ಎಂ. ದೊಡ್ಡಿ ದಾಟಿತು. ಗಂಟೆ ಹನ್ನೊಂದೂಕಾಲು. ಆರಾಮಾಗಿ ತಲುಪುತ್ತೇವೆ ಅಂದುಕೊಂಡು ವೇಗ ಒಂಚೂರು ಏರಿಸಿದೆ.

ಒಂದು ತಿರುವು. ಅದರಾಚೆ ಗದ್ದೆಯಿಂದ ಕಬ್ಬಿನ ಟ್ರ್ಯಾಕ್ಟರ್ ರಸ್ತೆಗೆ ಹತ್ತುವ ಜಾಗ. ಬೆಳಗ್ಗೆಯಿಂದ ಎಷ್ಟು ಟ್ರ್ಯಾಕ್ಟರ್ ಹತ್ತಿವೆಯೋ, ಚಕ್ರಕ್ಕೆ ಮೆತ್ತಿಕೊಂಡು ಬಂದ ಜೇಡಿಮಣ್ಣೆಲ್ಲ ಡಾಂಬರಿನ ಮೇಲೆ ಹರಡಿ, ಮಳೆಗೆ ಕಲಸಿ ಸಾರಿಸಿದ ಹಾಗಿತ್ತು. ನಾನು ಕಂಡಾಗ ಅದರ ಮೇಲೇ ಇದ್ದೆ. ಬ್ರೇಕ್ ಮುಟ್ಟಬಾರದಿತ್ತು. ಮುಟ್ಟಿದೆ.

ಹಿಂದಿನ ಚಕ್ರ ನನ್ನನ್ನು ಬಿಟ್ಟು ಬೇರೆ ಊರಿಗೆ ಹೊರಟಿತು.

ಬೀಳುವಾಗ ಎಲ್ಲಾ ನಿಧಾನಕ್ಕೆ ನಡೆಯುತ್ತದೆ ಅನ್ನುತ್ತಾರೆ. ಸುಳ್ಳು. ಒಂದು ಕ್ಷಣ ಗಾಡಿಯ ಮೇಲಿದ್ದೆ, ಇನ್ನೊಂದು ಕ್ಷಣ ಮೊಣಕೈ ಊರಿ ಮಣ್ಣಿನಲ್ಲಿ ಜಾರುತ್ತಿದ್ದೆ. ಜಾಕೆಟ್ಟಿನ ಪ್ಯಾಡ್ ನನ್ನನ್ನು ಉಳಿಸಿತು. ತಿರುಗಿ ನೋಡಿದೆ. ಗಾಡಿ ಎಡಕ್ಕೆ ಮಲಗಿದೆ. ಹಿಂದಿನ ಚಕ್ರ ಇನ್ನೂ ತಿರುಗುತ್ತಿದೆ. ಅಪ್ಪ ಅದರ ಪಕ್ಕ ಅಂಗಾತ ಬಿದ್ದಿದ್ದಾನೆ. ಎಡಗಾಲು ಗಾಡಿಯ ಕೆಳಗೆ.

"ಅಪ್ಪಾ!"

ಉತ್ತರ ಇಲ್ಲ. ಆ ಎರಡು ಸೆಕೆಂಡು ನಾನು ಏನೇನು ಅಂದುಕೊಂಡೆ ಅನ್ನುವುದನ್ನು ಬರೆಯುವ ಧೈರ್ಯ ನನಗಿಲ್ಲ. ಮೊಣಕಾಲಲ್ಲೇ ತೆವಳಿಕೊಂಡು ಹೋದೆ. ಅಳು ಬಂದುಬಿಟ್ಟಿತ್ತು.

ಅಪ್ಪ ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತಿದ್ದ. "ಮೊದ್ಲು ಎಂಜಿನ್ ಆಫ್ ಮಾಡು" ಅಂದ. "ಆಮೇಕೆ ಅಳು."

ಆಫ್ ಮಾಡಿದೆ.

ಹತ್ತಿರದ ಆಲೆಮನೆಯಿಂದ ಮೂವರು ಓಡಿಬಂದರು. ಬೆಲ್ಲದ ಪಾಕದ ವಾಸನೆ ಅವರ ಮೈಯಿಂದಲೇ ಬರುತ್ತಿತ್ತು. ಮೂವರೂ ಸೇರಿ ಗಾಡಿ ಎತ್ತಿದರು. ಪಕ್ಕದ ಪೆಟ್ಟಿಗೆ ನೆಲಕ್ಕೆ ಆನಿಕೊಂಡಿದ್ದರಿಂದ ಪೂರಾ ಭಾರ ಕಾಲಿನ ಮೇಲೆ ಬಿದ್ದಿರಲಿಲ್ಲ. ಅಪ್ಪನನ್ನು ಎಬ್ಬಿಸಿ ಕಲ್ಲಿನ ಮೇಲೆ ಕೂರಿಸಿದೆವು. ಪಾದ ಊರಿದ ಕೂಡಲೇ ಹಲ್ಲು ಕಚ್ಚಿದ. ಕಣಕಾಲು ಊದಲು ಶುರುವಾಗಿತ್ತು.

ಆ ಮೂವರಲ್ಲಿ ಹಿರಿಯ, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡಿದ್ದವನು, ನನ್ನನ್ನೊಮ್ಮೆ ಗಾಡಿಯನ್ನೊಮ್ಮೆ ನೋಡಿ ಅಪ್ಪನಿಗೆ ಹೇಳಿದ. "ಎಣ್ಣೈಕ್ಳ ಕೈಗೆ ಇಷ್ಟ್ ದೊಡ್ ಗಾಡಿ ಕೊಟ್ಟು ಹಿಂದ್ಗಡೆ ಕುಂತ್ಕಂಡಿದ್ದೀಯಲ್ಲ ಯಜಮಾನ, ಇನ್ನೇನಾದದು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮಾತಾಡಿದ. "ಅವಳ ತಪ್ಪಲ್ಲ ಕಣಯ್ಯಾ. ತಪ್ಪು ನಂದು."

"ನೀನೇನ್ ಮಾಡ್ದೆ?"

"ಈ ಜಾಗ ನಂಗೊತ್ತು. ಕಬ್ಬು ಕಡಿಯೋ ಕಾಲ್ದಲ್ಲಿ ಯಾವಾಗ್ಲೂ ಇಲ್ಲಿ ಮಣ್ಣು ಬಿದ್ದಿರ್ತದೆ. ಈವತ್ತೂ ಅತ್ಲಾಗಿಂದ್ಲೇ ಕೆಂಪುಕೆ ಕಾಣ್ತಿತ್ತು. ಯೋಳ್ನಿಲ್ಲ."



ಕಾಣುತ್ತಿತ್ತಂತೆ. ಹೇಳಲಿಲ್ಲವಂತೆ. ಸಿಟ್ಟಿಗೆ ಹೇಳಲಿಲ್ಲವಾ? ಸೇಡಿಗಾ? ಅಥವಾ ಮಗಳು ಸುಮ್ಮನಿರು ಅಂದಳು ಅಂತ, ಬಸ್ಸಿನ ರೂಲ್ಸ್ ಪಾಲಿಸಿದ ಹಾಗೆ, ಪಾಲಿಸಿಬಿಟ್ಟನಾ? ಅಲ್ಲಿ ಕೇಳಲು ಆಗಲಿಲ್ಲ. ಆಲೆಮನೆಯವರು ಬಿಸಿ ಕಬ್ಬಿನ ಹಾಲು ತಂದುಕೊಟ್ಟರು. (ಮಧುಮೇಹಿಗೆ! ಅಪ್ಪ ನನ್ನ ಕಡೆ ನೋಡದೆ ಕುಡಿದ.)

ನಾನು ಆಟೋ ಕರೆಸುತ್ತೇನೆ ಅಂದೆ. ಮಳೆಯಲ್ಲಿ ಯಾವ ಆಟೋ? ಪೂರಿಗಾಲಿಗೆ ಫೋನ್ ಮಾಡಿ ಅತ್ತೆಯ ಮಗನನ್ನು ಕರೆಸೋಣ ಅಂದೆ. ಅವನು ಗಂಡಿನ ಕಡೆಯವರನ್ನು ಕರೆತರಲು ಹೋಗಿದ್ದ. ಇನ್ನು ಬಸ್ಸು. ಅಪ್ಪ ಬೇಡ ಅಂತ ತಲೆಯಾಡಿಸಿದ. "ಗಾಡಿ ನಡೀತದಾ ನೋಡು."

ಗಾಡಿಗೇನೂ ಆಗಿರಲಿಲ್ಲ. ಒಂದು ಕನ್ನಡಿ ಹೋಗಿತ್ತು, ಕ್ಲಚ್ಚಿನ ತುದಿ ಬಾಗಿತ್ತು. ಆಗಿದ್ದದ್ದು ನನಗೆ. ಹ್ಯಾಂಡಲ್ ಹಿಡಿದವಳು ಬಿಟ್ಟುಬಿಟ್ಟೆ. ಆ ಮೂವರು ನೋಡುತ್ತಿರುವಾಗಲೇ ಬಗ್ಗಿ ಹಿಂದಿನ ಚಕ್ರದ ಹತ್ತಿರದ ತಿರುಪು ತಿರುಗಿಸತೊಡಗಿದೆ.

"ಅದೇನದು?" ಅಂದ ಅಪ್ಪ.

"ಹಿಂದೆ ಜನ ಇದ್ರೆ ಇದನ್ನ ಗಟ್ಟಿ ಮಾಡಬೇಕಪ್ಪ. ಹನಕೆರೆಯಲ್ಲೇ ಮಾಡಬೇಕಿತ್ತು. ಮಾಡಲಿಲ್ಲ."

ಬೈಯುತ್ತಾನೆ ಅಂತ ಕಾದೆ. ಬೈಯಲಿಲ್ಲ. "ಅಂಗಾದ್ರೆ ಇಬ್ಬರದೂ ಅದೆ ಬುಡು" ಅಂದ. ಆಮೇಲೆ ತಾನೇ ಮುಂದುವರಿಸಿದ. "ನಾನು ಕಂಡಕ್ಟ್ರಿಲ್ದೆ ಒಂದಿನಾನೂ ಗಾಡಿ ಎತ್ತ್‌ನಿಲ್ಲ ಕಣವ್ವಾ. ಒಂದು ಸೀಟಿ ಊದುದ್ರೆ ನಿಲ್ಸ್‌ಬೇಕು. ಯಾಕೆ ಅಂತ ಕೇಳಂಗಿಲ್ಲ. ಎರಡು ಊದುದ್ರೆ ರೈಟು. ಮಾತ್ ಬ್ಯಾಡ, ಅಂಗೇ ಮಾಡವ. ನಿನ್ ಬುಜಕ್ಕೆ ಒಂದು ತಟ್ಟುದ್ರೆ ನಿಧಾನ ಮಾಡು. ಎರಡು ತಟ್ಟುದ್ರೆ ಓಗು."

ಕೊಪ್ಪೆಯವನು ಅಪ್ಪನನ್ನು ಎತ್ತಿ ಸೀಟಿನ ಮೇಲೆ ಕೂರಿಸಿದ. ನಾನು ಸ್ಟಾರ್ಟ್ ಮಾಡಿದೆ. ಮಾಡಿ, ಸುಮ್ಮನೆ ಕೂತೆ. ಕಾಲು ನೆಲದಿಂದ ಏಳುತ್ತಿಲ್ಲ.

ಬಲ ಭುಜದ ಮೇಲೆ ಎರಡು ಸಲ ಬಿತ್ತು. ಟಪ್ ಟಪ್.

ಹೊರಟೆ.

ಪೂರಿಗಾಲಿ ತನಕ ಆರು ಸಲ ಒಂದು ತಟ್ಟಿದ. ನಾನು ಎಣಿಸಿದ್ದೇನೆ. ಅದರಲ್ಲಿ ಒಂದು ಸಲ ಏನೂ ಇರಲಿಲ್ಲ, ನೀರಿನ ಮೇಲೆ ತೇಲುತ್ತಿದ್ದ ಪ್ಲಾಸ್ಟಿಕ್ ಚೀಲ. ಇನ್ನೊಂದು ಸಲ, ಮಳವಳ್ಳಿ ಬಿಟ್ಟು ಪೂರಿಗಾಲಿ ಕಡೆ ತಿರುಗಿದ ಮೇಲೆ, ನಾನು ನಿಧಾನ ಮಾಡಿದ ಎರಡನೇ ಸೆಕೆಂಡಿಗೆ ಒಂದು ಖಾಸಗಿ ಬಸ್ಸು ತಿರುವಿನಲ್ಲಿ ಪೂರಾ ನಮ್ಮ ಬದಿಗೆ ಬಂದು ನೀರೆರಚಿಕೊಂಡು ಹೋಯಿತು. ಕಂಡನೋ, ಕೇಳಿಸಿಕೊಂಡನೋ, ಆ ತಿರುವು ಅವನಿಗೆ ಮೊದಲೇ ಗೊತ್ತಿತ್ತೋ. ಕೇಳಂಗಿಲ್ಲ ಅಂತ ಮೊದಲೇ ಹೇಳಿದ್ದನಲ್ಲ, ಕೇಳಲಿಲ್ಲ.

ಪೂರಿಗಾಲಿ ತಲುಪಿದಾಗ ಒಂದು ಗಂಟೆ ದಾಟಿತ್ತು. ಶಾಮಿಯಾನದಿಂದ ನೀರು ಸುರಿಯುತ್ತಿತ್ತು. ಅತ್ತೆ ಅಂಗಳಕ್ಕೇ ಓಡಿಬಂದಳು. "ಅಣ್ಣೋ, ಎಲ್ಲೋಗಿದ್ಯೋ? ಬೀಗ್ರೆಲ್ಲ ಬಂದು ಕುಂತು ಒಂದೊತ್ತಾಯ್ತು!" ಅಂದವಳು ಅವನ ಪಂಚೆ ನೋಡಿ ಅಲ್ಲೇ ನಿಂತಳು. ಬೀಳುವಾಗ ಮಳೆಯ ಪ್ಯಾಂಟು ಹರಿದು, ಒಳಗಿನ ಬಿಳಿ ಪಂಚೆ ಕೆಸರಿಗೆ ಪೂರಾ ಕೆಂಪಾಗಿತ್ತು. ಅವ್ವ ಹಿಂದೆಯೇ ಬಂದಳು. ನನ್ನನ್ನು ನೋಡಿದಳು. ಅಪ್ಪನನ್ನು ನೋಡಿದಳು. ಏನೂ ಕೇಳಲಿಲ್ಲ. ಬಿಸಿನೀರು ತರಲು ಒಳಗೆ ಹೋದಳು. ಕೇಳಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ.

ಅಪ್ಪ ಅತ್ತೆಯ ಮಗನ ಒಣಗಿದ ಪಂಚೆ ಉಟ್ಟು, ಕುರ್ಚಿಯಲ್ಲಿ ಕೂತೇ ತಟ್ಟೆ ಹಿಡಿದ. ಸೀರೆಗೆ ಒಂದು ಹನಿ ನೀರು ತಾಗಿರಲಿಲ್ಲ. ನಂದಿನಿ ಕಾಲಿಗೆ ಬೀಳಲು ಬಗ್ಗಿದವಳು ಊದಿದ ಕಾಲು ನೋಡಿ ಗಾಬರಿಯಿಂದ ಇನ್ನೊಂದು ಕಾಲು ಮುಟ್ಟಿದಳು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಊಟ ಆದ ಮೇಲೆ ಮಳವಳ್ಳಿಯಲ್ಲಿ ಎಕ್ಸ್‌ರೇ ತೆಗೆಸಿದೆವು. ಮೂಳೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಮೂರು ವಾರ ಕಟ್ಟು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಎಲ್ಲರೂ ಬದುಕಿದ್ದೇವೆ, ನಿಶ್ಚಿತಾರ್ಥ ಆಯಿತು, ಬೈಕಿಗೆ ಹೊಸ ಕನ್ನಡಿ ಬಂತು. ಆದರೆ ನನಗೆ ಈ ವಾರ ಕೂತಲ್ಲಿ ಕೂರಲಾಗುತ್ತಿಲ್ಲ. ಕ್ಲಾಸಿನಲ್ಲಿ ಪಾಠ ಮಾಡುವಾಗ ನಡುವೆ ವಾಕ್ಯ ಮರೆಯುತ್ತೇನೆ. ಯಾಕೆಂದರೆ ಮನೆಯಲ್ಲಿ ಒಂದು ವಿಚಿತ್ರ ಶುರುವಾಗಿದೆ.

ಅಪ್ಪ ಪರ್ಮಿಷನ್ ಕೇಳುತ್ತಿದ್ದಾನೆ.

ಮೊದಲು ಗಮನಿಸಿದ್ದು ಅವತ್ತೇ ಸಂಜೆ. ಬೈಕನ್ನು ಪೂರಿಗಾಲಿಯಲ್ಲೇ ಬಿಟ್ಟೆವು, ಅತ್ತೆಯ ಮಗ ನಮ್ಮನ್ನು ಕಾರಿನಲ್ಲಿ ಮಂಡ್ಯಕ್ಕೆ ಬಿಟ್ಟ. ಅವನ ಡ್ರೈವಿಂಗ್ ಬಗ್ಗೆ ನಾನು ಹೇಳುವುದಿಲ್ಲ, ಅವನೂ ಈ ಅಂಕಣ ಓದುತ್ತಾನೆ. ಅವ್ವ ಎರಡು ಸಲ ಕಣ್ಣು ಮುಚ್ಚಿಕೊಂಡಳು. ಅಪ್ಪ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಮದ್ದೂರಿನ ಹತ್ತಿರ ಮುಂದಕ್ಕೆ ಬಗ್ಗಿ, "ಒಂದ್ ಮಾತ್ ಯೋಳ್ಲಾ?" ಅಂದ. "ಹೇಳಿ ಮಾವ" ಅಂದ ಅವನು. "ಲೈಟು ಆಕು." ಅಷ್ಟೇ.

ಸೋಮವಾರ ಅವ್ವನಿಗೆ, "ಒಂದ್ ಮಾತ್ ಯೋಳ್ಲಾ? ಕಾಫಿ ಒಸಿ ತೆಳ್ಳಗಾಗದೆ." ಅವ್ವ ಲೋಟ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ನಲವತ್ತೈದು ವರ್ಷದಲ್ಲಿ ಅವಳ ಕಾಫಿಯನ್ನು ಅವನು ಅನುಮತಿ ಕೇಳಿ ಬೈದದ್ದು ಇದೇ ಮೊದಲು. "ಏನಾಯ್ತು ನಿಮ್ಮಪ್ಪಂಗೆ? ತಲೆಗೇನಾರ ಏಟು ಬಿದ್ದದಾ?"

ಗುರುವಾರ ಸಂಜೆ ನನ್ನಿಂದ ತಡೆಯಲಾಗಲಿಲ್ಲ. ಅಪ್ಪ ಹಜಾರದಲ್ಲಿ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ರೇಡಿಯೋ ಕೇಳುತ್ತಿದ್ದ. ಪಕ್ಕ ಕೂತೆ.

"ಅಪ್ಪಾ, ಆವತ್ತು ಮಣ್ಣು ಕಂಡರೂ ಯಾಕೆ ಹೇಳಲಿಲ್ಲ? ನನ್ನ ಮೇಲೆ ಸಿಟ್ಟಿತ್ತಾ?"

"ಸಿಟ್ಟಾ? ಥೂ, ಅಂಥ ಜಾಗ್ದಲ್ಲಿ ಸಿಟ್ಟು ಇಟ್ಕಂಡ್ರೆ ಆದದಾ?"

"ಮತ್ತೆ?"

ರೇಡಿಯೋದ ಸದ್ದು ಕಡಿಮೆ ಮಾಡಿದ. ಹೇಳಲು ಅವನಿಗೇ ಮುಜುಗರ ಆದ ಹಾಗಿತ್ತು.

"ನನ್ ಕಣ್ಗೇ ಕಾಣ್ತಾ ಅದೆ. ನಿಂಗೆ ಕಾಣ್ದೆ ಇರ್ತದಾ ಅನ್ಕಂಡೆ."

ಕ್ಷಮಿಸು ಅಂತ ಹೇಳಿದೆ. ನಾಲ್ಕು ದಿನ ತಡವಾಗಿ. "ಬುಡವ್ವಾ" ಅಂದ. ನಮ್ಮ ಕಡೆ ‘ಬುಡು’ ಅಂದರೆ ಮುಗಿಯಿತು ಅಂತಲೂ ಅರ್ಥ, ಮುಗಿಯಲಿಲ್ಲ, ಆದರೆ ಮಾತು ಬೇಡ ಅಂತಲೂ ಅರ್ಥ. ಯಾವುದು ಅಂತ ಹೇಳಿದವರಿಗೇ ಗೊತ್ತು.

ನಾವು ದಿನಕ್ಕೆ ಎಷ್ಟು ಜನರಿಗೆ ಸುಮ್ಮನಿರು ಅನ್ನುತ್ತೇವೆ? ವಯಸ್ಸಾದವರಿಗೆ ಎಷ್ಟು ಸುಲಭವಾಗಿ ಅನ್ನುತ್ತೇವೆ? ನಿನಗೆ ಗೊತ್ತಾಗಲ್ಲ, ನಿನಗೆ ಕೇಳಿಸಲ್ಲ, ಈಗ ಕಾಲ ಹಾಗಿಲ್ಲ. ಅವರು ಮರುದಿನ ಮತ್ತೆ ಶುರು ಮಾಡುತ್ತಾರೆ, ನಾವು ಮತ್ತೆ ಸಿಡುಕುತ್ತೇವೆ, ಸಂಸಾರ ನಡೆಯುತ್ತದೆ. ಒಂದು ದಿನ ಅವರು ನಮ್ಮ ಮಾತನ್ನು ನಂಬಿಬಿಟ್ಟರೆ? ನಿಜವಾಗಲೂ ತಮಗೆ ಕಾಣುವುದಿಲ್ಲ, ಎಲ್ಲ ಇವರಿಗೇ ಕಾಣುತ್ತದೆ ಅಂತ ಒಪ್ಪಿಬಿಟ್ಟರೆ?

ನಿನ್ನೆ ಬೆಳಗ್ಗೆ. ಒಲೆ ಮೇಲೆ ಹಾಲಿಟ್ಟು, ಬೆನ್ನು ಹಾಕಿ ಮೊಬೈಲ್ ನೋಡುತ್ತಿದ್ದೆ. ಅಪ್ಪ ಕೋಲು ಊರಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಮಗಾ, ಒಂದ್ ಮಾತ್ ಯೋಳ್ಲಾ?"

"ಹೇಳಪ್ಪ."

"ಬೇಜಾರ್ ಮಾಡ್ಕಬ್ಯಾಡ."

"ಇಲ್ಲಪ್ಪ, ಹೇಳು."

"ಆಲು ಉಕ್ತಾ ಅದೆ."

ತಿರುಗುವಷ್ಟರಲ್ಲಿ ಅರ್ಧ ಪಾತ್ರೆ ಒಲೆಯ ಮೇಲಿತ್ತು. ಒಲೆ ಒರೆಸಿದೆ, ಕಟ್ಟೆ ಒರೆಸಿದೆ, ನೆಲ ಒರೆಸಿದೆ.

ಅಪ್ಪನ ಬಾಯಲ್ಲಿ ಕೂತಿರುವ ಆ ‘ಯೋಳ್ಲಾ’ವನ್ನು ಯಾವ ಬಟ್ಟೆಯಲ್ಲಿ ಒರೆಸಲಿ, ಹೇಳಿ?